ಬದ್ನಿಕಾಯಿ ಬೇಕಂದ್ರ ಬದ್ನಿಕಾಯಿನ ಕೇಳ್ರಿ: ಉಗ್ಗು ಮುಚ್ಚಿಡೋದು, ಉಗ್ಗು ಒಪ್ಪಿಕೊಳ್ಳೋದು

ಮಲಪ್ರಭಾ ದಂಡಿ

ಉಗ್ಗಿನ ಬಗ್ಗೆ ಈ ಬಳಗದಾಗ ಎಷ್ಟೋ ಸಲ ಮಾತು ಎದ್ದೈತಿ. ಪ್ರತಿ ಸಲ "ಧೈರ್ಯ ತಗೋರಿ, ನಿಮ್ಮನ್ನ ನೀವು ಒಪ್ಕೋರಿ" ಅಂಬಲ್ಲಿಗೆ ಬಂದು ನಿಂತೈತಿ. ಹೇಳೋರಿಗೆ ಸಸಾರ. ಕೇಳಿದವ ನಾಳೆ ಮುಂಜಾನೆ ಎದ್ದು ಏನ ಮಾಡಬೇಕು ಅನ್ನೋದನ್ನ ಯಾರೂ ಹೇಳೂದಿಲ್ಲ. ಅದಕ್ಕ ಈ ಚರ್ಚೆ; ಒಬ್ಬೊಬ್ಬರ ಮಾತಿನ ಮ್ಯಾಲೆ ಅವರವರು ಇಟ್ಕೊಂಡ ಹೆಸರು ಐತಿ.

ನಮ್ಮ ಕಡೆ ಉಗ್ಗು ಇದ್ದವರ ಪಾಡು ನೋಡ್ರಿ. ಬೆಳಗಾವಿ, ಬಾಗಲಕೋಟಿ, ಬಿಜಾಪುರ: ಮೂರೂ 'ಬ'. ತಾಲೂಕಿಗೆ ಇಳದ್ರ ಬೈಲಹೊಂಗಲ, ಬಾದಾಮಿ, ಬೀಳಗಿ, ಬಬಲೇಶ್ವರ. ಬಸವನ ಬಾಗೇವಾಡಿಗಂತೂ ಎರಡೆರಡು. ತುಟಿ ಕೂಡಿಸಿ ಹೇಳೋ ಅಕ್ಷರದಾಗ ಮಾತು ಹಿಡಿಯೋರಿಗೆ ಬಸ್ ಸ್ಟ್ಯಾಂಡ್ ಅನ್ನೋದ ಪರೀಕ್ಷಾ ಹಾಲ್. 2014ರ ನವೆಂಬರ್ 1ಕ್ಕ ಬಿಜಾಪುರ ಹೋಗಿ ವಿಜಯಪುರ ಆತು, ಒಂದು ಊರಿಗೆ ಸರ್ಕಾರನ ಬದಲಿ ಶಬ್ದ ಕೊಟ್ಟಂಗಾತು. ಉಳಿದವಕ್ಕ?

ಕೇಳೋದು ಇಷ್ಟ: ಉಗ್ಗು ಮುಚ್ಚಿಡೋದನ್ನ ಬಿಡಬೇಕಂದ್ರ ಯಾವ ಕೆಲಸ ಮೊದಲು, ಯಾವುದು ಆಮ್ಯಾಲೆ, ಎಲ್ಲಿ ತಪ್ಪತೈತಿ, ಯಾಕ ತಪ್ಪತೈತಿ. ಸ್ವಂತ ಕತಿ ಬ್ಯಾಡ, ಕತಿ ಸಾಕಷ್ಟು ಆಗ್ಯಾವ.

ನುಡಿಗಂಟು

ಮೊದಲು ಒಂದೆರಡು ಅಳತೆ ಸರಿ ಮಾಡಿಕೊಳ್ಳೋಣ. ಉಗ್ಗು ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಶುರುವಾಗುತ್ತದೆ. ನೂರು ಮಕ್ಕಳಲ್ಲಿ ಐದಾರು ಮಕ್ಕಳಿಗೆ ಒಂದಿಷ್ಟು ಕಾಲ ಬರುತ್ತದೆ, ಅವರಲ್ಲಿ ಮುಕ್ಕಾಲು ಪಾಲು ಮಕ್ಕಳಿಗೆ ತಾನಾಗಿ ಹೋಗುತ್ತದೆ. ದೊಡ್ಡವರಾದ ಮೇಲೂ ಉಳಿಯುವುದು ಸುಮಾರು ನೂರಕ್ಕೆ ಒಬ್ಬರಿಗೆ. ಆ ಉಳಿದವರಲ್ಲಿ ಗಂಡಸರು ನಾಲ್ವರಾದರೆ ಹೆಂಗಸರು ಒಬ್ಬರು. ಮೂಲ ಇರುವುದು ಮಾತಿನ ಚಲನೆಗೆ ಹೊತ್ತು ಹೊಂದಿಸುವ ಮಿದುಳಿನ ದಾರಿಗಳಲ್ಲಿ, ಅದರಲ್ಲಿ ವಂಶದ ಪಾಲೂ ಇದೆ. ಅಂಜಿಕೆಯಿಂದ ಉಗ್ಗು ಬಂತು ಎನ್ನುವುದು ಹಿಂದು ಮುಂದಾದ ಮಾತು. ಉಗ್ಗು ಮೊದಲು, ಅಂಜಿಕೆ ಆಮೇಲೆ ಬಂದು ಕೂಡಿಕೊಳ್ಳುತ್ತದೆ.

ಹೊರಗೆ ಕೇಳುವುದು ಮೂರು ಬಗೆ. ಬೆ-ಬೆ-ಬೆಳಗಾವಿ ಎಂಬ ಮರುಕಳಿಕೆ, ಸ್ಸ್ಸ್ಸವದತ್ತಿ ಎಂಬ ಎಳೆತ, ಮತ್ತು ತುಟಿ ಮುಚ್ಚಿಕೊಂಡು ದನಿಯೇ ಬಾರದ ತಡೆ. ಇದರ ಮೇಲೆ ಕಣ್ಣು ಪಿಳುಕಿಸುವುದು, ಕತ್ತು ಜಗ್ಗುವುದು, ತೊಡೆ ತಟ್ಟುವುದು ಬಂದು ಸೇರುತ್ತವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೋಸೆಫ್ ಶೀಹನ್ ಉಗ್ಗನ್ನು ನೀರಿನಲ್ಲಿ ತೇಲುವ ಹಿಮದ ಬೆಟ್ಟಕ್ಕೆ ಹೋಲಿಸಿದರು. ಇಲ್ಲಿಯವರಿಗೆ ಶೇಂಗಾ ಗಿಡ ಸಾಕು: ಮೇಲೆ ಗೇಣುದ್ದ ಹಸಿರು, ಕಾಯೆಲ್ಲ ನೆಲದೊಳಗೆ. ನಾಚಿಕೆ, ಅಪರಾಧಿ ಭಾವ, ಮುಂದಿನ ಶಬ್ದದ ಕಾವಲು, ಶಬ್ದ ಬದಲಿಸುವ ಚುರುಕು, ಇವೆಲ್ಲ ಕೆಳಗಿನ ಕಾಯಿ.

ಒಬ್ಬ ಸಂತೆಗೆ ಹೋದ ಎನ್ನಿ. ಬೇಕಿರುವುದು ಬದನೆಕಾಯಿ. 'ಬ' ಹಿಡಿಯುತ್ತದೆ ಎಂದು ನಾಲ್ಕು ಹೆಜ್ಜೆ ದೂರದಲ್ಲೇ ಗೊತ್ತಾಗುತ್ತದೆ. ಹತ್ತಿರ ಹೋಗಿ ಸರಾಗವಾಗಿ "ಹೀರಿಕಾಯಿ ಅರ್ಧ ಕಿಲೋ" ಎನ್ನುತ್ತಾನೆ. ಕಾಯಿಪಲ್ಲೆ ಮಾರುವ ಅಕ್ಕನ ಕಿವಿಗೆ ಉಗ್ಗು ಸೊನ್ನೆ. ಮನೆಯಲ್ಲಿ ರೊಟ್ಟಿಗೆ ಎಣ್ಣೆಗಾಯಿ ಇಲ್ಲ. ಇದಕ್ಕೆ ಮುಚ್ಚಿದ ಉಗ್ಗು ಎನ್ನಿ. ಬಿಡಿಸಲು ಇದೇ ಹೆಚ್ಚು ಕಷ್ಟ, ಏಕೆಂದರೆ ಮುಚ್ಚುವ ಕೆಲಸ ದಿನವೂ ಗೆಲ್ಲುತ್ತಿರುತ್ತದೆ.

ಆದ್ದರಿಂದ 'ಒಪ್ಪಿಕೊಳ್ಳುವುದು' ಎಂಬ ದೊಡ್ಡ ಮಾತನ್ನು ಎಣಿಸಲು ಬರುವ ಸಣ್ಣ ಕೆಲಸಕ್ಕೆ ಇಳಿಸಿ: ದಿನಕ್ಕೆ ಎಷ್ಟು ಶಬ್ದ ಬದಲಿಸಿದೆ? ಆ ಲೆಕ್ಕ ಇಳಿಯುತ್ತಿದ್ದರೆ ಒಪ್ಪಿಗೆ ಏರುತ್ತಿದೆ. ಬಾಯಿಂದ ಎಷ್ಟು ಉಗ್ಗು ಬಂತು ಎಂಬ ಲೆಕ್ಕ ಸದ್ಯಕ್ಕೆ ಬೇಡ. ಮೊದಮೊದಲು ಅದು ಹೆಚ್ಚೇ ಆಗುತ್ತದೆ.

ಹಳೇ ಎಪಿಎಂಸಿ

ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಒಪ್ಪಿಕೊಂಡ್ರ ಪ್ರಯತ್ನ ಅಲ್ಲಿಗೇ ಮುಗೀತಲ್ರಿ? ಹಣೆಬರಹ ಅಂತ ಕುಂತಂಗ. "15 ದಿನದಾಗ ಗ್ಯಾರಂಟಿ" ಅಂತ ಗ್ವಾಡಿ ಮ್ಯಾಲೆ ಬರದಿರ್ತಾರ, ಅಂಥಾದ್ದು ಒಂದು ನೋಡಬಾರದೇನು?

ನುಡಿಗಂಟು

ಸಿಟ್ಟಿಲ್ಲ ಸರ್, ಎಲ್ಲರೂ ಕೇಳುವ ಪ್ರಶ್ನೆಯೇ.

ಉಗ್ಗಿಗೆ ಎಂದು ಮಂಜೂರಾದ ಗುಳಿಗೆ ಯಾವುದೂ ಇಲ್ಲ. ಕತ್ತರಿ ಪ್ರಯೋಗವೂ ಆಗಿಹೋಗಿದೆ: ಬರ್ಲಿನ್ನಿನ ಶಸ್ತ್ರವೈದ್ಯ ಡೀಫೆನ್‌ಬಾಖ್ 1841ರಲ್ಲಿ ಉಗ್ಗು ಬಿಡಿಸುತ್ತೇನೆಂದು ನಾಲಿಗೆಯನ್ನೇ ಕೊಯ್ದ. ಅದು ನಿಂತುಹೋದದ್ದು ಒಳ್ಳೆಯದಾಯಿತು.

ಇನ್ನು ಹದಿನೈದು ದಿನದ ಶಿಬಿರ. ಒಂದೊಂದು ಅಕ್ಷರವನ್ನೂ ಎಳೆದೆಳೆದು ತಾಳಕ್ಕೆ ಹೇಳಿಸುತ್ತಾರೆ. ಹಾಗೆ ಹೇಳಿದರೆ ಬಹುತೇಕ ಯಾರೂ ಉಗ್ಗುವುದಿಲ್ಲ, ಹಾಡುವಾಗ ಉಗ್ಗದಿರುವಂತೆ. ಅದನ್ನು ವಿಡಿಯೋ ಮಾಡಿ ತೋರಿಸುತ್ತಾರೆ. ಹದಿನಾರನೆಯ ದಿನ ಬಸ್ ಸ್ಟ್ಯಾಂಡಿನಲ್ಲಿ "ಒಂ...ದು... ಟಿ...ಕೆ...ಟ್ಟು" ಎಂದು ಯಾರು ಹೇಳಲು ಸಾಧ್ಯ? ಗಮನವೆಲ್ಲ ಅದಕ್ಕೇ ಹೋಗುತ್ತದೆ, ಕೇಳುವವರಿಗೂ ವಿಚಿತ್ರ. ಬಿಟ್ಟುಬಿಡುತ್ತಾರೆ, ಉಗ್ಗು ಮರಳುತ್ತದೆ. ದುಡ್ಡು ಹೋದದ್ದಲ್ಲದೆ "ನಾನೇ ಸರಿಯಾಗಿ ಅಭ್ಯಾಸ ಮಾಡಲಿಲ್ಲ" ಎಂಬ ಹೊಸ ಅಪರಾಧ ಬೇರೆ.

ಒಪ್ಪಿಗೆ ಮೊದಲು ಏಕೆ ಎಂದರೆ, ಒಂದು ತಡೆಯಲ್ಲಿ ಎರಡು ಬಲ ಇರುತ್ತವೆ. ಒಂದು, ಕ್ಷಣಮಾತ್ರದ ಎಡವು. ಅದು ಹುಟ್ಟಿನದು, ಬಹಳ ಸಣ್ಣದು. ಇನ್ನೊಂದು, ಎಡವಿದ್ದು ಕಾಣಬಾರದೆಂದು ಬಿಗಿಹಿಡಿದು ನೂಕುವುದು. ಇದು ಕಲಿತದ್ದು, ದೊಡ್ಡದು. ಮುಚ್ಚಿದಷ್ಟೂ ಬಿಗಿ, ಬಿಗಿದಷ್ಟೂ ಉದ್ದ, ಉದ್ದವಾದಷ್ಟೂ ಮುಚ್ಚುವ ಆಸೆ. ಕಲಿತದ್ದನ್ನು ಬಿಡಬಹುದು, ಹುಟ್ಟಿನದರ ಜೊತೆ ಇರಬಹುದು.

ಸ್ವತಃ ಉಗ್ಗಿದ್ದ ಅಮೆರಿಕದ ವಾಕ್ ಚಿಕಿತ್ಸಕ ಚಾರ್ಲ್ಸ್ ವ್ಯಾನ್ ರೈಪರ್ (1905–1994) ಹಾಕಿಕೊಟ್ಟ ಮೆಟ್ಟಿಲು ನಾಲ್ಕು: ಗುರುತಿಸು, ಅಂಜಿಕೆಯ ಮೊನೆ ಮುರಿ, ಉಗ್ಗುವ ಬಗೆ ತಿದ್ದು, ಗಟ್ಟಿ ಮಾಡಿಕೋ. ಒಪ್ಪಿಗೆ ಇರುವುದು ಎರಡನೆಯ ಮೆಟ್ಟಿಲಿನಲ್ಲಿ. ಅದನ್ನು ಜಿಗಿದು ಮೂರಕ್ಕೆ ಹೋದವರೇ ಸಾಮಾನ್ಯವಾಗಿ ಕೆಳಗೆ ಬೀಳುವುದು.

ಟೋಪ ತೆನಿ

ಮೊದಲ ಎರಡು ಮೆಟ್ಟಿಲ ಹೆಂಗ ಹತ್ತೋದು ಅಂತ ಬಿಡಿಸಿ ಹೇಳ್ತೀನಿ. ಇಳಕಲ್ ಸೀರಿಗೆ ಸೆರಗು ಕೂಡಿಸಿದಂಗ, ಒಂದೊಂದ ಎಳಿ ಕೂಡಬೇಕು, ಗಡಿಬಿಡಿ ನಡ್ಯಾಂಗಿಲ್ಲ.

ಒಂದು ನೂರು ಪುಟದ ವಹಿ ತಗೋರಿ. ಮೂರು ಕಾಲಮ್. ಮೊದಲನೇದು, ಹೇಳಬೇಕಂದಿದ್ದ ಶಬ್ದ. ಎರಡನೇದು, ಹೇಳಿದ ಶಬ್ದ, ಇಲ್ಲಾ ಮಾಡಿದ ಆಟ: ಕೆಮ್ಮಿದ್ದು, "ಅದೇನಪಾ ಅಂದ್ರ" ಸೇರಿಸಿದ್ದು, ಬಾಜೂಕಿನವರ ಕಡೆಯಿಂದ ಹೇಳಿಸಿದ್ದು, ಫೋನ್ ಬಂದಂಗ ಮಾಡಿದ್ದು. ಮೂರನೇದು, ಏನಾಗತೈತಿ ಅಂತ ಅಂಜಿದ್ದು. ಏಳು ದಿನ ಬರೀ ಬರಿಯೋದು, ಏನೂ ತಿದ್ದೋದಿಲ್ಲ. ರಾತ್ರಿ ಕುಂತು ನೆನಪ ಮಾಡಿ ಬರದ್ರ ಅರ್ಧಾ ಬಿಟ್ಟುಹೋಗ್ತಾವ, ಯಾಕಂದ್ರ ಶಬ್ದ ಬದಲಿಸೋದು ನಮಗ ಗೊತ್ತಿಲ್ಲದನ ಆಗಿಬಿಡತೈತಿ. ಆದ ಹೊತ್ತಿಗೇ ಒಂದು ಗೀಟು ಹಾಕ್ರಿ, ವಿವರ ಆಮ್ಯಾಲೆ.

ಎರಡನೇ ವಾರ ಫೋನಿನಾಗ ಮೂರು ನಿಮಿಷದ ವಿಡಿಯೋ, ಓದೋದಲ್ಲ, ಮಾತಾಡೋದು. ನೋಡುವಾಗ ದನಿ ಕಡೆ ಲಕ್ಷ್ಯ ಕೊಡಬ್ಯಾಡ್ರಿ. ಎಲ್ಲಿ ಹಿಡೀತೈತಿ ನೋಡ್ರಿ: ತುಟಿ? ನಾಲಿಗಿ ತುದಿ? ಗಂಟಲಾ? ಕಣ್ಣು ಯಾವಾಗ ಕೆಳಗ ಹೋಗತೈತಿ? ಬಹಳ ಮಂದಿ ಈ ವಿಡಿಯೋ ಒಮ್ಮೆ ನೋಡಿ ಅಳಿಸಿಬಿಡ್ತಾರ. ಅಳಿಸಬ್ಯಾಡ್ರಿ, ದಿನಕ್ಕೊಮ್ಮೆ ನೋಡ್ರಿ. ಐದನೇ ದಿನಕ್ಕ ಅದು ಬರೀ ಒಂದು ವಿಡಿಯೋ.

ಮೂರನೇ ವಾರದಿಂದ ಬೇಕಂತಲೇ ಉಗ್ಗೋದು. ಹುಚ್ಚತನ ಅನಸತೈತಿ, ಆದ್ರ ಅಂಜಿಕಿ ಮುರಿಯೋ ಕೆಲಸ ಎಲ್ಲಾ ಇದರಾಗ ಐತಿ. ಮನಿಯಾಗ ಒಬ್ಬರ ಮುಂದ ದಿನಾ 5 ನಿಮಿಷ, ಹಿಡಿಯಲಾರದ ಅಕ್ಷರದ ಮ್ಯಾಲೆ. 'ಬ' ಹಿಡೀತೈತಿ, 'ಮ' ಹಿಡಿಯಾಂಗಿಲ್ಲ ಅಂದ್ರ 'ಮ' ಮ್ಯಾಲೆ ಮಾಡ್ರಿ: "ಮ... ಮ... ಮಜ್ಜಿಗಿ ಕೊಡ್ರಿ". ಎರಡು ಇಲ್ಲಾ ಮೂರು ಸಲ, ಸಾವಕಾಶ, ತುಟಿ ಸಡಿಲ, ಕಣ್ಣು ಎದುರಿನವರ ಮಾರಿ ಮ್ಯಾಲೆ. ಮರುವಾರ ಹೊರಗ: ದಿನಕ್ಕ ಹತ್ತು ಸಲ, ಗುರ್ತಿಲ್ಲದ ಅಂಗಡಿಯಾಗ. "ಕ... ಕ... ಕರದಂಟು ಪಾವ್ ಕಿಲೋ ಎಷ್ಟ್ರೀ?" ಅಷ್ಟ. ತಗೊಳ್ಳಾಕಬೇಕಂತ ಏನಿಲ್ಲ. ಅದಾದ ಮ್ಯಾಲೆನ ಅಂಜಿಕಿ ಇರೋ ಅಕ್ಷರ.

ಇಲ್ಲಿ ತಪ್ಪೋದು ಮೂರು ಕಡೆ. ಮೊದಲ ದಿನನ 'ಬ' ತಗೊಂಡ್ರ ಬೇಕಂತ ಶುರು ಮಾಡಿದ್ದು ಖರೇನ ಆಗಿ ಸಿಕ್ಕೋತೈತಿ, ಮತ್ತ ಅಂಜಿಕಿ. ಗಡಾನ ಮುಗಿಸಿಬಿಟ್ರ ಅದು ಅಭ್ಯಾಸಲ್ಲ, ಓಡಿಹೋಗೋದು. ನೆಲ ನೋಡ್ಕೋತ ಮಾಡಿದ್ರ ನಾಚಿಕಿನ ಗಟ್ಟಿ ಆಗತೈತಿ. ಮೂರರಾಗ ಕಡೀದು ಕೆಟ್ಟದ್ದು.

ಸಿಂದಗಿ ಸಂತಿ

ಬೇಕಂತ ಉಗ್ಗೋದು ಅಂದ್ರ ಎದುರಿನವರಿಗೆ ಸುಳ್ಳು ಹೇಳಿದಂಗ ಅಲ್ಲೇನ್ರಿ?

ಟೋಪ ತೆನಿ

ಉಗ್ಗು ಇದ್ದವ ಉಗ್ಗಿದ್ರ ಸುಳ್ಳು ಹೆಂಗಾಗತೈತ್ರಿ? ಸುಳ್ಳು ಇರೋದು ಹೀರಿಕಾಯಿಯಾಗ.

ಗದ್ದನಕೇರಿ ಕ್ರಾಸ್

ನನ್ನ ಹೆಸರು ಸುಮ್ನ ಇಟ್ಕೊಂಡದ್ದಲ್ಲ. ವಿಜಯಪುರ ಕಡೆಯಿಂದ ಬರೋ ಬಸ್ಸಿನಾಗ ಬಾಗಲಕೋಟಿ ಅನ್ನಾಕ ಆಗದವರು "ಗದ್ದನಕೇರಿ ಕ್ರಾಸ್" ಅಂದು ಟಿಕೆಟ್ ತಗೊಂಡು, ಅಲ್ಲಿ ಇಳದು ಟಂಟಂ ಹಿಡೀಬೇಕಾಗತೈತಿ. ಟಂಟಂ ರೊಕ್ಕ ಬ್ಯಾರೆ, ಹೊತ್ತೂ ಹೆಚ್ಚು. 2023ರ ಜೂನ್ 11ರಿಂದ ಹೆಣ್ಣಮಕ್ಕಳಿಗೆ ಟಿಕೆಟ್ ಪುಕ್ಕಟೆ ಆತು, ಆದ್ರ ಆಧಾರ್ ತೋರಿಸಿದ್ರೂ ಊರ ಹೆಸರು ಬಾಯಿಲೆ ಹೇಳೋದು ತಪ್ಪಲಿಲ್ಲ.

ಈಗ ಮೂರನೇ ಮೆಟ್ಟಿಲು. 'ಬಾಗಲಕೋಟಿ' ಅನ್ನುವಾಗ ಒಳಗ ಏನಾಗತೈತಿ: ಎರಡೂ ತುಟಿ ಕೂಡಿ ಬಿಗೀತಾವ, ಹಿಂದ ಉಸಿರು ಒತ್ತತೈತಿ, ಗಂಟಲದಾಗ ದನಿ ಹೊಂಡಿಸೋ ಪಟ್ಟಿನೂ ಬಿಗೀತಾವ. ಮುಂದಿನ 'ಆ' ಹೊಂಡಬೇಕಂದ್ರ ಗಂಟಲ ಸಡಿಲ ಇರಬೇಕು. ಬಾಗಲಾ ಹಾಕ್ಕೊಂಡು ಒಳಗಿಂದ ನೂಕಿದಂಗ, ನೂಕಿದಷ್ಟೂ ತೆಗಿಯಾಂಗಿಲ್ಲ.

ಮೊದಲು ಕಲೀಬೇಕಾದ್ದು ಆದ ಮ್ಯಾಲೆ ತಿದ್ದೋದು. ಹೆಂಗರ ಮಾಡಿ ಶಬ್ದ ಪೂರಾ ಹೇಳಿ ಮುಗಸ್ರಿ. ನಿಲ್ರಿ, ಮನಸಿನಾಗ ಮೂರು ಎಣಿಸೋತನಕ. ಆಮ್ಯಾಲೆ ಅದ ಶಬ್ದ ಮತ್ತ ಹೇಳ್ರಿ, ತುಟಿ ಕಾಗದ ಮುಟ್ಟಿದಷ್ಟ ಹಗೂರ ಕೂಡಿಸಿ, 'ಆ' ಸ್ವಲ್ಪ ಎಳದು. ಉಗ್ಗಲಾರದ ಹೇಳೋದು ಗುರಿ ಅಲ್ಲ, ಸಡಿಲ ಉಗ್ಗೋದು ಗುರಿ. ಎರಡು ವಾರ ಇದ.

ಆಮ್ಯಾಲೆ ನಡುವ ತಿದ್ದೋದು. ತಡಿ ಬಂತು, ಹಿಂದಕ್ಕ ಹೋಗಬ್ಯಾಡ್ರಿ, ಬ್ಯಾರೆ ಶಬ್ದಕ್ಕ ಜಿಗಿಯಬ್ಯಾಡ್ರಿ. ಅಲ್ಲೇ ಒಂದೆರಡು ಸೆಕೆಂಡ್ ಹಿಡಕೊಂಡು ಎಲ್ಲಿ ಬಿಗದೈತಿ ಅನ್ನೋದನ್ನ ತುಟಿಲೇನ ತಿಳಕೋರಿ. ನೂಕೋದು ಬಿಡ್ರಿ, ತುಟಿ ಸಾವಕಾಶ ಸಡಿಲ ಆಗಲಿ, ದನಿ ತಾನ ಹೊಂಡತೈತಿ. ಕಂಡಕ್ಟರ್ ಕಾಯ್ತಾರ. ಅವರಿಗೆ ಚಿಲ್ರೆ ಹುಡುಕಾಕ ಇದಕ್ಕಿಂತ ಹೆಚ್ಚು ಹೊತ್ತು ಬೇಕು.

ಕಡೀಕ, ಹೇಳೂಕಿಂತ ಮೊದಲ ತುಟಿ ಹಗೂರ ಇಟ್ಕೊಂಡು ಶುರು ಮಾಡೋದು. ಇದನ್ನ ಎಲ್ಲಾರೂ ಮೊದಲನ ಕಲ್ಯಾಕ ಹೋಗ್ತಾರ, ಯಾಕಂದ್ರ ಇದರಾಗ ಉಗ್ಗು ಕಾಣಾಂಗಿಲ್ಲ. ಹಂಗಾಗೇ ಅದು ಮತ್ತೊಂದು ಮುಚ್ಚೋ ಆಟ ಆಗಿಬಿಡತೈತಿ.

ಫೋನಿನಾಗ ಊರ ಹೆಸರು ಬರದು ತೋರಿಸಿದ್ರ ಪಾಪ ಏನಿಲ್ಲ, ಕಡೇ ಬಸ್ ಇದ್ದಾಗ ತೋರಸ್ರಿ. ವಹಿಯಾಗ ಮಾತ್ರ ಗೀಟು ಬೀಳಬೇಕು.

ಹಳೇ ಎಪಿಎಂಸಿ

"ಉಸಿರು ಎಳಕೊಂಡು ನಿಧಾನ ಮಾತಾಡು" ಅಂತಾರಲ್ರಿ ಎಲ್ಲಾರೂ, ಅದು?

ಗದ್ದನಕೇರಿ ಕ್ರಾಸ್

ಉಸಿರು ಕಡಿಮಿ ಆಗಿ ಉಗ್ಗು ಬರಾಂಗಿಲ್ಲ. ಎದಿ ತುಂಬ ಎಳಕೊಂಡ್ರ ಗಂಟಲ ಇನ್ನೂ ಬಿಗೀತೈತಿ. ತೊಡಿ ತಟ್ಟೋದು, ಕಾಲು ಕುಟ್ಟೋದು ಮೊದಲ ಒಂದೆರಡು ವಾರ ನಡೀತಾವ, ಲಕ್ಷ್ಯ ಬ್ಯಾರೆ ಕಡೆ ಹೋಗಿರತೈತಿ ಅಂತ. ಹಳೇದಾದ್ಮ್ಯಾಲೆ ನಡ್ಯಾಂಗಿಲ್ಲ, ಬಿಡಾಕೂ ಬರಾಂಗಿಲ್ಲ. ಉಗ್ಗಿಗೆ ಒಂದು ಬಾಲ ಹತ್ತಿದಂಗ.

ಪಿಸುಮಾತಿನ ಮೊಗಸಾಲೆ

ಮನೆಯಲ್ಲಿ "ನಿಧಾನ ಮಾತಾಡು, ನಿಧಾನ" ಎಂದು ದಿನವೂ ಹೇಳುವವರಿದ್ದರೆ ಅವರನ್ನು ಒಮ್ಮೆ ಗೋಳಗುಮ್ಮಟದ ಮೇಲಿನ ಮೊಗಸಾಲೆಗೆ ಕರೆದುಕೊಂಡು ಹೋಗಿ. ತಮಾಷೆಗೆ ಹೇಳುತ್ತಿಲ್ಲ, ಲೆಕ್ಕ ನೋಡಿ. ಗುಮ್ಮಟದ ಒಳ ಅಡ್ಡಳತೆ ಸುಮಾರು 38 ಮೀಟರ್. ದನಿ ಎದುರು ಗೋಡೆಗೆ ಹೋಗಿ ಮರಳಲು 76 ಮೀಟರ್ ದಾರಿ. ಸೆಕೆಂಡಿಗೆ ಸುಮಾರು 343 ಮೀಟರ್ ವೇಗದಲ್ಲಿ ಅದು 0.22 ಸೆಕೆಂಡ್. ತಮ್ಮ ದನಿ ಸುಮಾರು 0.2 ಸೆಕೆಂಡ್ ತಡವಾಗಿ ಕಿವಿಗೆ ಬಿದ್ದರೆ ಸರಾಗವಾಗಿ ಮಾತಾಡುವವರೇ ತಡವರಿಸುತ್ತಾರೆ, ಅಕ್ಷರ ಮರುಕಳಿಸುತ್ತಾರೆ, ಎಳೆಯುತ್ತಾರೆ. ಪ್ರಯೋಗಾಲಯದಲ್ಲಿ ಇಯರ್‌ಫೋನ್ ಹಾಕಿ ಇದನ್ನೇ ಮಾಡಿ ತೋರಿಸುತ್ತಾರೆ. ಗುಮ್ಮಟದಲ್ಲಿ ಅಷ್ಟು ಬಿರುಸು ಇರುವುದಿಲ್ಲ, ಕೂಗುವ ಗದ್ದಲ ಬೇರೆ. ಆದರೂ ಮುಂಜಾನೆ ಮಂದಿ ಕಡಿಮೆ ಇದ್ದಾಗ ಪತ್ರಿಕೆಯ ಒಂದು ಪ್ಯಾರಾ ಗಟ್ಟಿಯಾಗಿ ಓದಿಸಿ ನೋಡಿ. ಬುದ್ಧಿ, ಧೈರ್ಯ, ಅಭ್ಯಾಸ ಎಲ್ಲ ಇದ್ದೂ ಬಾಯಿ ಮಾತು ಕೇಳದಿರುವುದು ಹೇಗಿರುತ್ತದೆ ಎಂಬುದು ಅವರಿಗೆ ತಕ್ಕಮಟ್ಟಿಗೆ ತಿಳಿಯುತ್ತದೆ. 1656ರ ಹೊತ್ತಿಗೆ ಮುಗಿದ ಕಟ್ಟಡ ಈ ಕೆಲಸಕ್ಕೆ ಬರಲಿ.

ಇನ್ನೊಂದು ಮಗ್ಗುಲು. ಇದಕ್ಕಿಂತ ಕಡಿಮೆ ತಡ, 0.05ರಿಂದ 0.1 ಸೆಕೆಂಡ್ ಆಸುಪಾಸು ಇಟ್ಟರೆ ಉಗ್ಗು ಇರುವ ಕೆಲವರಿಗೆ ಮಾತು ಸಲೀಸಾಗುತ್ತದೆ. ಅದಕ್ಕೆ ಫೋನ್ ಆ್ಯಪ್‌ಗಳೂ ಇವೆ. ಎಲ್ಲರಿಗೂ ಆಗುವುದಿಲ್ಲ, ಆದವರಿಗೂ ಬರಬರುತ್ತ ಮೊನೆ ಕಡಿಮೆಯಾಗುತ್ತದೆ. ಕೈಯಲ್ಲಿ ಒಂದು ಬಡಿಗೆ ಎಂದಿಟ್ಟುಕೊಳ್ಳಿ, ಕಾಲು ಎಂದುಕೊಳ್ಳಬೇಡಿ.

ಕನ್ನಡ ಸಾಲಿ

ಮಾಸ್ತರಮಂದಿಗೆ ನಾಲ್ಕು ಮಾತು. ಹಾಜರಿ ಕರಿಯುವಾಗ "ಎಸ್ ಸರ್"ನ ಬೇಕು ಅನ್ನಬ್ಯಾಡ್ರಿ, ಕೈ ಎತ್ತಿದ್ರೂ ಹಾಜರಿನ. ಪಾಠ ಓದಿಸುವಾಗ ಸಾಲಾಗಿ ಒಬ್ಬೊಬ್ಬರನ್ನ ಎಬ್ಬಿಸಿದ್ರ ಹನ್ನೆರಡನೇ ಹುಡುಗ ಮೊದಲನೇ ಹುಡುಗನಿಂದನ ಬೆವರಾಕ ಹತ್ತತಾನ, ತನ್ನ ಪಾಲಿಗೆ ಬರೋ ಸಾಲು ಎಣಿಸಿಕೋತ ಕುಂದರ್ತಾನ, ಪಾಠ ಕಿವಿಗೆ ಬೀಳಾಂಗಿಲ್ಲ. ಮೊದಲನ ಅವನನ್ನ ಕರದುಬಿಡ್ರಿ. ಇಬ್ಬರನ್ನ ಕೂಡಿಸಿ ಒಮ್ಮೆಲೇ ಓದಸ್ರಿ, ಜೋಡಿ ದನಿಯಾಗ ಉಗ್ಗು ಬಹುತೇಕ ಇರೂದಿಲ್ಲ.

ಆದ್ರ ಒಂದು ತಪ್ಪು ಒಳ್ಳೇ ಮಾಸ್ತರಿಂದನ ಆಗತೈತಿ: ಪಾಪ ಅಂತ ಆ ಹುಡುಗನ್ನ ವರ್ಷಾನುಗಟ್ಟಲೆ ಎಬ್ಬಿಸೂದ ಇಲ್ಲ. ಅದು ಸಾಲಿಯವರೇ ನಿಂತು ಮುಚ್ಚಾಕ ಕೈ ಹಚ್ಚಿದಂಗ. ಒಬ್ಬನ ಇದ್ದಾಗ ಕರದು ಕೇಳ್ರಿ: "ಹೆಂಗ ಮಾಡೋಣು ಹೇಳು, ಜೋಡಿ ಓದತೀಯೋ, ಒಬ್ಬನ ಓದತೀಯೋ, ಎಷ್ಟು ಸಾಲು?" ತೀರ್ಮಾನ ಅವನದ ಇರಲಿ. "ಉಗ್ಗ" ಅಂತ ಅಡ್ಡಹೆಸರು ಇಟ್ಟು ಕಾಡಿಸಿದ್ರ ಆ ಹುಡುಗ ಇಲ್ಲದಾಗ ಅಲ್ಲ, ಅವನ ಒಪ್ಪಿಗಿ ತಗೊಂಡು ಅವನ ಮುಂದನ ತರಗತಿಗೆ ಬಿಡಿಸಿ ಹೇಳ್ರಿ. ಅಕ್ಟೋಬರ್ 22 ಅಂತರರಾಷ್ಟ್ರೀಯ ಉಗ್ಗು ಜಾಗೃತಿ ದಿನ, 1998ರಿಂದ ನಡ್ಯಾಕ ಹತ್ತೈತಿ, ಮಾತು ತಗಿಯಾಕ ಅದೊಂದು ನೆವ.

ಅಜ್ಜಿ ಮದ್ದು

ಸಣ್ಣ ಮಕ್ಕಳ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಬಜಿ ಬೇರು ತೇದು ನಾಲಿಗಿಗೆ ಹಚ್ಚೋದು ನಮ್ಮ ಕಡೆ ರೂಢಿ. ಉಗ್ಗು ನಾಲಿಗಿ ದಪ್ಪ ಆಗಿ ಬಂದದ್ದಲ್ಲ, ಹಚ್ಚಿದ್ರ ಉಪಯೋಗಿಲ್ಲ. ಮ್ಯಾಲೆ ಅದರಾಗ ಬೀಟಾ-ಅಸರೋನ್ ಅಂತ ವಿಷದ ಅಂಶ ಇರತೈತಿ, ಅಮೆರಿಕದಾಗ 1968ರಿಂದ ಅದನ್ನ ಆಹಾರದಾಗ ಹಾಕೂಹಂಗಿಲ್ಲ. ಬಾಯಾಗ ಹಳ್ಳು ಇಟ್ಕೊಂಡು ಮಾತಾಡಿಸೋದು ಗ್ರೀಕರ ಭಾಷಣಕಾರ ಡೆಮಾಸ್ತನೀಸನ ಕಾಲದ್ದು, ಮಕ್ಕಳಿಗೆ ಗಂಟಲಾಗ ಸಿಕ್ಕೊಂಡು ಜೀವಕ್ಕ ಬರತೈತಿ. ನಾಲಿಗಿ ಕೆಳಗಿನ ಪರಿ ಕೊಯ್ಸಿದ್ರೂ ಉಗ್ಗು ಹೋಗಾಂಗಿಲ್ಲ.

ಮಾಡೋದು ಏನಂದ್ರ, ಕೂಸಿಗೆ "ನಿಧಾನ" ಅನ್ನೋ ಬದಲಿ ನೀವ ನಿಧಾನ ಮಾತಾಡ್ರಿ. ಕೂಸು ಮುಗಿಸಿದ ಮ್ಯಾಲೆ ಒಂದೆರಡು ಸೆಕೆಂಡ್ ಬಿಟ್ಟು ಉತ್ತರಾ ಕೊಡ್ರಿ. ದಿನಾ ಐದು ನಿಮಿಷ ಟಿವಿ, ಫೋನ್ ಬಂದ್ ಮಾಡಿ ಬರೇ ಆ ಕೂಸಿನ ಜೋಡಿ ಕುಂದರ್ರಿ. ಅದು ಹೇಳಿದ ಸಂಗತಿಗೆ ಉತ್ತರಾ ಕೊಡ್ರಿ, ಹೇಳಿದ ರೀತಿಗೆ ಅಲ್ಲ. "ಮಾತು ಸಿಕ್ಕೊಂತೇನು? ಇರಲಿ ಬಿಡು" ಅಂದ್ರ ಹೆಚ್ಚಾಗಾಂಗಿಲ್ಲ, ಮನ್ಯಾಗ ಎಲ್ಲಾರೂ ಕೇಳಸದಂಗ ಇದ್ರನ "ಇದು ಕೆಟ್ಟದ್ದು" ಅಂತ ಕೂಸು ತಿಳಕೋತೈತಿ.

ಆರು ತಿಂಗಳಿಂದ ವರ್ಷದ ಮ್ಯಾಲಾತು, ಮನಿತನದಾಗ ಯಾರಿಗರ ಐತಿ, ಮಾತಾಡುವಾಗ ಕಣ್ಣು ಬಿಗಿ ಹಿಡೀತೈತಿ, "ನನಗ ಮಾತಾಡಾಕ ಬರವಲ್ದು" ಅಂತೈತಿ: ಇಷ್ಟರಾಗ ಒಂದಿದ್ರೂ ಕಾಯಬ್ಯಾಡ್ರಿ. ಜಿಲ್ಲಾ ಆಸ್ಪತ್ರಿಯ ಡಿಇಐಸಿ (ಮಕ್ಕಳ ಬೆಳವಣಿಗಿ ತೊಂದರಿಗೆ ಬೇಗ ಚಿಕಿತ್ಸೆ ಕೊಡೋ ಕೇಂದ್ರ) ಇಲ್ಲಾ ವೈದ್ಯಕೀಯ ಕಾಲೇಜಿನ ಕಿವಿ-ಮೂಗು-ಗಂಟಲು ವಿಭಾಗದಾಗ ವಾಕ್ ಚಿಕಿತ್ಸಕರು ಯಾವ ದಿನ ಸಿಗ್ತಾರ ಕೇಳ್ರಿ. ಬಿಎಎಸ್ಎಲ್‌ಪಿ (ವಾಕ್-ಶ್ರವಣದ ಪದವಿ) ಓದ್ಯಾರೇನು, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಐತೇನು ಅಂತ ಕೇಳೋದು ಮರ್ಯಾದಿಗೇಡಿ ಅಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕಂತನ ಇರೋದು.

ದೊಡ್ಡವರಿಗೆ ಉಗ್ಗು ಇರಲಾರದ ಒಮ್ಮೆಲೇ ಶುರು ಆತಂದ್ರ ಅದು ಬ್ಯಾರೆ ವಿಷಯ. ಲಕ್ವಾ ಇರಬಹುದು, ತಲಿಗೆ ಪೆಟ್ಟು ಇರಬಹುದು, ಗುಳಿಗಿ ಪರಿಣಾಮ ಇರಬಹುದು. ಅವತ್ತ ಡಾಕ್ಟರ್ ಕಡೆ ಹೋಗ್ರಿ.

ಶಹಾಪುರ ಪೇಟೆ

ಬೆಳಗಾವಿಗೆ ಒಂದು ವಿಶೇಷ ರೋಗ ಐತಿ, ಅದನ್ನ ಯಾರೂ ಹೇಳಲಿಲ್ಲ. ಇಲ್ಲಿ ಎಲ್ಲಾರ ಬಾಯಾಗ ಎರಡು ಮೂರು ಭಾಷಾ ಇರ್ತಾವ. ಬಟಾಟಿ ಹಿಡಿತು, ಆಲೂಗಡ್ಡಿ ಅನ್ನು. ಉಳ್ಳಾಗಡ್ಡಿ ಹಿಡಿತು, ಕಾಂದಾ ಅನ್ನು. ಕನ್ನಡದಾಗ ಶುರು ಮಾಡಿದ್ದು ಮರಾಠಿಯಾಗ ಮುಗಸು. ನೋಡೋರಿಗೆ "ಏನ್ ಚಂದ ಮೂರೂ ಭಾಷಾ ಮಾತಾಡ್ತಾನ" ಅನಸತೈತಿ. ಬದಲಿ ಶಬ್ದದ ಕಣಜ ತುಂಬಿದ ಊರಿನಾಗ ಉಗ್ಗು ಮುಚ್ಚೋದು ಬಹಳ ಸಸಾರ, ಅದಕ್ಕ ಬಿಡೋದು ಬಹಳ ಕಷ್ಟ. ವಹಿಯಾಗ ಭಾಷಾ ಬದಲಿ ಮಾಡಿದ್ದಕ್ಕೂ ಗೀಟು ಹಾಕ್ರಿ. ಎದುರಿನವರ ಸಲುವಾಗಿ ಬದಲಿ ಮಾಡಿದ್ರ ಗೀಟು ಇಲ್ಲ, ಅಕ್ಷರದ ಸಲುವಾಗಿ ಮಾಡಿದ್ರ ಗೀಟು. ಯಾವುದು ಯಾವುದಕ್ಕ ಅನ್ನೋದು ಒಳಗ ಗೊತ್ತ ಇರತೈತಿ.

ಮಲಪ್ರಭಾ ದಂಡಿ

ಇಂಟರ್ವ್ಯೂ, ಫೋನು, ಲಗ್ನ: ಈ ಮೂರರ ಬಗ್ಗೆ ಯಾರಾದ್ರೂ ಹೇಳ್ರಿ.

ನುಡಿಗಂಟು

ಇಂಟರ್ವ್ಯೂದಲ್ಲಿ ಮೊದಲ ನಿಮಿಷದಲ್ಲೇ ಹೇಳಿಬಿಡಿ, ಹತ್ತು ಸೆಕೆಂಡಿನ ಮಾತು: "ನನಗ ಉಗ್ಗು ಐತ್ರಿ. ಕೆಲವು ಶಬ್ದ ಹೊರಗ ಬರಾಕ ಹೊತ್ತು ಹಿಡೀತಾವ. ಹೇಳೋದನ್ನ ಪೂರ್ತಿ ಹೇಳ್ತೀನಿ. ತಿಳೀಲಿಲ್ಲಂದ್ರ ಮತ್ತ ಕೇಳ್ರಿ." ಇದರಲ್ಲಿ ಕ್ಷಮೆ ಕೇಳುವ ಶಬ್ದ ಇಲ್ಲ, ಹುಡುಕಿ ನೋಡಿ. "ಸಾರಿ ಸರ್, ನನಗೆ ಸ್ವಲ್ಪ ಪ್ರಾಬ್ಲಮ್ ಇದೆ, ದಯವಿಟ್ಟು ಹೊಂದಿಸಿಕೊಳ್ಳಿ" ಎಂದರೆ ಕೇಳುವವರಿಗೆ ಮರುಕ ಹುಟ್ಟುತ್ತದೆ, ಮರುಕಕ್ಕೆ ಯಾರೂ ನೌಕರಿ ಕೊಡುವುದಿಲ್ಲ. ಇಂಟರ್ವ್ಯೂ ಮುಗಿದ ಮೇಲೆ ಹೇಳುವುದೂ ಉಪಯೋಗವಿಲ್ಲ. ಅಷ್ಟು ಹೊತ್ತಿಗೆ ಎದುರಿನವರು ತಡೆಯನ್ನು "ಉತ್ತರ ಗೊತ್ತಿಲ್ಲ" ಎಂದೇ ಓದಿಕೊಂಡಿರುತ್ತಾರೆ. ಒಂದು ಎಚ್ಚರ: ಹೇಳಿದ ಮೇಲೆ ಶಬ್ದ ಬದಲಿಸುತ್ತ ಕೂತರೆ ಹೇಳಿದ್ದು ವ್ಯರ್ಥ. ಅನುಮತಿ ತೆಗೆದುಕೊಂಡಿದ್ದೀರಿ, ಬಳಸಿ.

ಫೋನು ಎಲ್ಲಕ್ಕಿಂತ ಕಷ್ಟ ಕೊಡುವುದು ಮೌನಕ್ಕೆ ಅಲ್ಲಿ ಬೇರೆ ಅರ್ಥ ಇರುವುದರಿಂದ. ಎದುರಿಗಿದ್ದರೆ ತುಟಿ ಕಾಣುತ್ತದೆ, ಫೋನಿನಲ್ಲಿ ಲೈನ್ ಕಟ್ಟಾಯಿತು ಎಂದುಕೊಳ್ಳುತ್ತಾರೆ. ಅದಕ್ಕೆ ಮೊದಲ ವಾಕ್ಯವೇ "ಉಗ್ಗು ಐತ್ರಿ, ಲೈನ್ ಇಡಬ್ಯಾಡ್ರಿ" ಎಂದಿರಲಿ. ದಿನಕ್ಕೆ ಐದು ಕರೆ, ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆ ಇಟ್ಟುಕೊಂಡು: ಅಂಗಡಿ ಎಷ್ಟಕ್ಕೆ ಮುಚ್ಚುತ್ತದೆ, ಅಷ್ಟೇ. ಕೆಲಸದ ಕರೆ ಆಮೇಲೆ.

ಒಬ್ಬರೇ ಮಾಡಲು ಬೇಸರವಾದರೆ ದಿ ಇಂಡಿಯನ್ ಸ್ಟ್ಯಾಮರಿಂಗ್ ಅಸೋಸಿಯೇಷನ್ ಎಂಬ ಸ್ವಸಹಾಯ ಬಳಗ ಇದೆ, ಉಗ್ಗು ಇರುವವರೇ ನಡೆಸುವುದು.

ಒಡಪಿನ ಬುಟ್ಟಿ

ಲಗ್ನದ್ದು ನಾನು ಹೇಳ್ತೀನಿ. ಮಾತುಕತಿಗೆ ಬಂದಾಗ ಹುಡುಗ ಇಲ್ಲಾ ಹುಡುಗಿ ತಾನ ಹೇಳಬೇಕು, ಕಾಕಾನ ಕೈಲೆ ಹೇಳಿ ಕಳಿಸೋದಲ್ಲ. ಕಾಕಾ ಹೇಳಿದ್ರ ಅದು ದೋಷದ ಪಟ್ಟಿ ಆಗತೈತಿ. ತಾನ ಉಗ್ಗಿಕೋತ ಹೇಳಿದ್ರ ಇದ್ದದ್ದು ಇದ್ದಂಗ ಕಂಡಿರತೈತಿ, ಆಮ್ಯಾಲೆ "ಮುಚ್ಚಿಟ್ಟಿದ್ರಿ" ಅನ್ನಾಕ ದಾರಿ ಇರೂದಿಲ್ಲ. ಲಗ್ನ ಆಗೋತನಕ ಬಾಯಿ ಬಿಗಿ ಹಿಡಕೊಂಡವರಿಗೆ ಲಗ್ನ ಆದ ಮ್ಯಾಲೆ ಮನಿಯಾಗೂ ಹೀರಿಕಾಯಿನ ಗತಿ.

ಇನ್ನ ಒಡಪು, ಅಂದ್ರ ಲಗ್ನದಾಗ ಗಂಡ ಇಲ್ಲಾ ಹೆಂಡತಿ ಹೆಸರು ಕೂಡಿಸಿ ಹೇಳೋ ಪದ. ಹೆಸರು ಹೇಳ್ರಿ, ಹೆಸರು ಹೇಳ್ರಿ ಅಂತ ಬಾಗಲದಾಗ ನಿಂದರಿಸಿ ಗಂಟಬೀಳ್ತಾರ. ಜಗತ್ತಿನಾಗ ಎಲ್ಲಾ ಶಬ್ದಕ್ಕೂ ಬದಲಿ ಐತಿ, ಹೆಸರಿಗಿಲ್ಲ. ಒಡಪಿನ ಸಾಲು ತಾಳಕ್ಕ ಬಿದ್ದಿರೋದಕ್ಕ ಸರಳ ಹೊಂಡತಾವ:

ಬಾದಾಮಿ ಗುಡ್ಡಕ ಕೆಂಪ ಕಲ್ಲ ಚಂದ,
ಇಳಕಲ್ಲ ಸೀರಿಗಿ ಕೆಂಪ ಸೆರಗ ಚಂದ...

ಇಲ್ಲಿತನಕ ಏನೂ ತ್ರಾಸಿಲ್ಲ. ಮುಂದ ಹೆಸರು. ಅಲ್ಲಿ ತಾಳ ನಿಲ್ಲತೈತಿ, ಎಲ್ಲಾರ ಕಣ್ಣು ಬಾಯಿ ಮ್ಯಾಲೆ, ಸಾಲಿನ ಶುರುವಿಗೇ ಹೆಸರು. ಉಗ್ಗು ಬಹಳ ಸಲ ಬರೋದು ಮಾತಿನ ಶುರುವಿನಾಗ, ಅದೂ ಶಬ್ದದ ಮೊದಲ ಅಕ್ಷರದಾಗ. ಅದಕ್ಕ ಒಡಪು ಕಟ್ಟುವಾಗನ ಹೆಸರನ್ನ ಸಾಲಿನ ನಡುವ ಕೂಡಸ್ರಿ, ಹಿಂದ ಎರಡು ಶಬ್ದ, ಮುಂದ ಎರಡು ಶಬ್ದ, ತಾಳ ಕಡಿಯಲಾರದಂಗ. ಆದ್ರೂ ಹಿಡಿತಂದ್ರ ಹಿಡೀಲಿ, ನಕ್ಕು ಎರಡು ಸಲ ಉಗ್ಗಿ ಹೇಳ್ರಿ, ಬಾಗಲದಾಗ ನಿಂತ ನಾದಿನಿಗೆ ಇನ್ನೊಮ್ಮೆ ಕೇಳಿದಂಗ ಆಗತೈತಿ.

ಸಿಂದಗಿ ಸಂತಿ

ಒಡಪಿನ ಬುಟ್ಟಿಯವರ, ಹೆಸರು ನಡುವ ತುರಕೋದೂ ಮುಚ್ಚೋ ಆಟನ ಅಲ್ಲೇನ್ರಿ?

ಟೋಪ ತೆನಿ

ಹೌದು, ಅರ್ಧಾ. ಎರಡನೇ ಕಾಲಮ್ಮಿನಾಗ ಒಂದು ಗೀಟು ಹಾಕಿ ಒಳಗ ಹೋಗ್ರಿ, ಊಟಕ್ಕ ಎಲಿ ಹಾಕ್ಯಾರ.